ಇಪ್ಪತ್ತೆರಡು ಅಕ್ಷರದ ಮದ್ದು ಮತ್ತು ನಮ್ಮ ಮನೆಯ ಕವಳದ ತಟ್ಟೆ

ಕಳೆದ ಡಿಸೆಂಬರ್ ಮೊದಲ ವಾರ. ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್‌ನಲ್ಲಿ ಮಧ್ಯಾಹ್ನ ಊಟಕ್ಕೆಂದು ಆಫೀಸಿನಿಂದ ಇಳಿದು ರಸ್ತೆ ಬದಿಯ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ತೀರ್ಥಹಳ್ಳಿಯಿಂದ ಚಿಕ್ಕಪ್ಪನ ಫೋನ್. ‘ನಾನು ಕಳಿಸಿದ್ದು ನೋಡಿದ್ಯೇನೋ ಮಾರಾಯ? ನೊಬೆಲ್ ಬಂದ ಔಷಧಿಯಂತೆ. ಮೈಕ್ರೋ ಎಂಥದ್ದೋ. ಕತ್ತರಿ ಹಾಕೋದೇ ಬೇಡವಂತೆ. ನಿಮ್ಮ ಕಲ್ಕತ್ತಾದಲ್ಲಿ ದೊಡ್ಡ ಟಾಟಾ ಆಸ್ಪತ್ರೆ ಇದೆಯಲ್ಲ, ಅಲ್ಲಿ ಸಿಗ್ತದಾ ಅಂತ ಸ್ವಲ್ಪ ವಿಚಾರಿಸು. ಆಪರೇಷನ್ನು ಎರಡು ತಿಂಗಳು ಮುಂದೆ ಹಾಕಿದರಾಯ್ತು’ ಎಂದರು.

ಚಿಕ್ಕಪ್ಪನಿಗೆ ಎಡಗೆನ್ನೆಯ ಒಳಭಾಗದಲ್ಲಿ ಹುಣ್ಣು. ಅದು ಮೂರು ತಿಂಗಳಾದರೂ ಮಾಯದೆ, ಬಯಾಪ್ಸಿ ಮಾಡಿಸಿ, ಬಾಯಿ ಕ್ಯಾನ್ಸರ್ ಎಂದು ಖಾತ್ರಿಯಾಗಿ ಆಗಷ್ಟೇ ಒಂದು ವಾರವಾಗಿತ್ತು. ಬೆಂಗಳೂರಿನ ವೈದ್ಯರು ಇದೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು, ತಡ ಮಾಡಬೇಡಿ ಎಂದಿದ್ದರು. ಕೆನ್ನೆಯ ಒಂದು ಭಾಗ, ದವಡೆಯ ಅಂಚು, ಕುತ್ತಿಗೆಯ ಗಂಟುಗಳು ಇಷ್ಟನ್ನು ತೆಗೆದು ಎದೆಯ ಮಾಂಸ ತಂದು ಹೊಲಿಯುತ್ತೇವೆ ಎಂದು ವಿವರಿಸಿದ್ದರು. ಅದನ್ನು ಕೇಳಿದ ಮೇಲೆ ಮನುಷ್ಯನಿಗೆ ನಿದ್ದೆ ಬರುವುದು ಕಷ್ಟ. ಅಂಥ ಹೊತ್ತಿನಲ್ಲಿ ಯಾರೋ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ: ‘ನೊಬೆಲ್ ಪಡೆದ ಮೈಕ್ರೋಆರ್‌ಎನ್‌ಎ ಚಿಕಿತ್ಸೆ, ಆಪರೇಷನ್ ಇಲ್ಲದೆ ಕ್ಯಾನ್ಸರ್ ಮಾಯ.’

ಎಂ.ಟೆಕ್ ಓದಿದವನು, ಕಂಪ್ಯೂಟರ್ ಬಲ್ಲವನು, ದೊಡ್ಡ ಊರಿನಲ್ಲಿರುವವನು ಎಂದರೆ ಊರವರ ಲೆಕ್ಕದಲ್ಲಿ ಎಲ್ಲವೂ ಗೊತ್ತಿರಬೇಕು. ನಾನು ಬ್ಯಾಂಕುಗಳ ಪಾವತಿ ವ್ಯವಸ್ಥೆಗೆ ಕೋಡ್ ಬರೆಯುವವನು. ಜೀವಶಾಸ್ತ್ರ ಪಿಯುಸಿಗೇ ಮುಗಿದಿತ್ತು. ಆದರೆ ‘ನನಗೆ ಗೊತ್ತಿಲ್ಲ’ ಎಂದು ಫೋನ್ ಇಟ್ಟಿದ್ದರೆ ಆ ಖಾಲಿ ಜಾಗವನ್ನು ವಾಟ್ಸ್‌ಆ್ಯಪ್ ತುಂಬುತ್ತಿತ್ತು. ‘ಎರಡು ದಿನ ಕೊಡಿ ಚಿಕ್ಕಪ್ಪ, ಆಪರೇಷನ್ ತಾರೀಖು ಮಾತ್ರ ಬದಲಿಸಬೇಡಿ’ ಎಂದೆ. ಆ ಎರಡು ದಿನ, ಆಮೇಲಿನ ಎರಡು ತಿಂಗಳು ನಾನು ಓದಿಕೊಂಡದ್ದು, ನಮ್ಮ ಬ್ಲಾಕಿನಲ್ಲೇ ಇರುವ ಒಬ್ಬ ಸಂಶೋಧಕಿಯನ್ನು ಕಾಡಿಸಿ ತಿಳಿದುಕೊಂಡದ್ದು ಈ ಬರಹದಲ್ಲಿದೆ. ಊರು ಬಿಟ್ಟು ಬಂದ ನಮಗೆಲ್ಲ ಇಂಥ ಫೋನ್ ಒಂದಲ್ಲ ಒಂದು ದಿನ ಬರುತ್ತದೆ.

ಸಂದೇಶದಲ್ಲಿ ಒಂದು ಮಾತು ನಿಜ. 2024ರ ಅಕ್ಟೋಬರ್ 7ರಂದು ವೈದ್ಯಕೀಯ ನೊಬೆಲ್ ಘೋಷಣೆಯಾದದ್ದು ಅಮೆರಿಕದ ವಿಕ್ಟರ್ ಆ್ಯಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ, ಮೈಕ್ರೋಆರ್‌ಎನ್‌ಎ ಕಂಡುಹಿಡಿದದ್ದಕ್ಕೆ. ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಎಂಬ ದುಂಡುಹುಳುವಿನಲ್ಲಿ ಅವರು ಇದನ್ನು ಕಂಡು ಪ್ರಕಟಿಸಿದ್ದು 1993ರಲ್ಲಿ. ಆಗ ಇದು ಹುಳುವಿನ ವಿಚಿತ್ರ ಎಂದುಕೊಂಡು ಹೆಚ್ಚಿನವರು ಸುಮ್ಮನಿದ್ದರು. 2000ದಲ್ಲಿ ರವ್ಕುನ್ ತಂಡ ಲೆಟ್-7 ಎಂಬ ಇನ್ನೊಂದನ್ನು ಕಂಡಾಗ, ಅದು ಹುಳುವಿನಿಂದ ಹಿಡಿದು ಮನುಷ್ಯನವರೆಗೆ ಅಷ್ಟೂ ಪ್ರಾಣಿಗಳಲ್ಲಿ ಇದೆ ಎಂದು ತಿಳಿಯಿತು. ಮನುಷ್ಯರಲ್ಲಿ ಇಂಥವು ಸಾವಿರಕ್ಕೂ ಹೆಚ್ಚು ಎಂದು ಈಗ ಗೊತ್ತಿದೆ. ಸುಳ್ಳು ಇರುವುದು ಮುಂದಿನ ಮಾತಿನಲ್ಲಿ. ನೊಬೆಲ್ ಬಂದದ್ದು ಒಂದು ತಿಳಿವಳಿಕೆಗೆ. ಔಷಧಿಗೆ ಅಲ್ಲ.

ಏನಿದು ಮೈಕ್ರೋಆರ್‌ಎನ್‌ಎ? ನಮ್ಮ ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಎಂಬ ಮೂಲ ಪ್ರತಿ ಇದೆ. ಬೇಕಾದ ಪುಟವನ್ನಷ್ಟೇ ನಕಲು ಮಾಡಿದ ಓಲೆ ಮೆಸೆಂಜರ್ ಆರ್‌ಎನ್‌ಎ. ಆ ಓಲೆ ನೋಡಿಕೊಂಡು ಜೀವಕೋಶ ಪ್ರೋಟೀನ್ ತಯಾರಿಸುತ್ತದೆ. ಮೈಕ್ರೋಆರ್‌ಎನ್‌ಎ ಎನ್ನುವುದು ಸುಮಾರು 22 ಅಕ್ಷರಗಳ ತುಣುಕು. ಅದರಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಅದು ಹೋಗಿ ಓಲೆಗೆ ಅಂಟಿಕೊಂಡು ‘ಇದನ್ನು ಅಷ್ಟು ಮಾಡಬೇಡ, ಸಾಕು’ ಎನ್ನುತ್ತದೆ. ಅಂಟಿಕೊಳ್ಳಲು ಅದಕ್ಕೆ ಆರೇಳು ಅಕ್ಷರ ಹೊಂದಿದರೆ ಸಾಕಾದ್ದರಿಂದ ಒಂದೇ ತುಣುಕು ನೂರಾರು ಬಗೆಯ ಓಲೆಗಳ ಮೇಲೆ ಕೈಯಾಡಿಸಬಲ್ಲದು.

ಚಿಕ್ಕಪ್ಪನಿಗೆ ಇದನ್ನು ತೋಟದ ಭಾಷೆಯಲ್ಲಿ ಹೇಳಿದೆ. ತಲೆಗಾಲುವೆಯ ಬಾಯಿಗೆ ಒಂದು ಕಲ್ಲು ಇಟ್ಟರೆ ನೀರು ಪೂರ್ತಿ ನಿಲ್ಲುವುದಿಲ್ಲ, ಹದವಾಗುತ್ತದೆ. ಆದರೆ ಆ ಒಂದು ಕಲ್ಲಿನಿಂದ ಕೆಳಗಿನ ಅಷ್ಟೂ ಸಾಲಿನ ಮರಗಳಿಗೆ ನೀರು ಹೆಚ್ಚು ಕಡಿಮೆಯಾಗುತ್ತದೆ. ನನ್ನ ಸಹೋದ್ಯೋಗಿಗಳಿಗಾದರೆ ಇನ್ನೊಂದು ಹೋಲಿಕೆ: ನೂರು ಸರ್ವಿಸ್‌ಗಳು ಓದುವ ಒಂದೇ ಕಾನ್ಫಿಗ್ ಫೈಲ್. ಅದರಲ್ಲಿ ಒಂದು ಸಂಖ್ಯೆ ತಿದ್ದಿದರೆ ನೂರೂ ಕಡೆ ವರ್ತನೆ ಬದಲಾಗುತ್ತದೆ. ರಿಪೇರಿಗೆ ಇಷ್ಟು ಸುಲಭದ ಜಾಗ ಬೇರಿಲ್ಲ. ರಾತ್ರಿ ಎರಡು ಗಂಟೆಗೆ ಎಲ್ಲವೂ ಒಟ್ಟಿಗೆ ಕೆಟ್ಟು ಕೂರುವುದಕ್ಕೂ ಬೇರೆ ಜಾಗ ಬೇಕಿಲ್ಲ. ಮೈಕ್ರೋಆರ್‌ಎನ್‌ಎ ಚಿಕಿತ್ಸೆಯ ಆಸೆ, ನಿರಾಸೆ ಎರಡೂ ಇದರಲ್ಲಿದೆ.

ಕ್ಯಾನ್ಸರ್‌ಗೂ ಇದಕ್ಕೂ ನಂಟು ಸಿಕ್ಕಿದ್ದು 2002ರಲ್ಲಿ. ಕಾರ್ಲೋ ಕ್ರೋಚೆ ಮತ್ತು ಜಾರ್ಜ್ ಕ್ಯಾಲಿನ್ ತಂಡ ಒಂದು ಬಗೆಯ ರಕ್ತ ಕ್ಯಾನ್ಸರ್‌ನಲ್ಲಿ 13ನೇ ಕ್ರೋಮೋಸೋಮಿನ ಒಂದು ತುಂಡು ಕಳೆದುಹೋಗಿರುವುದನ್ನು ಬೆನ್ನು ಹತ್ತಿ ಹೋಯಿತು. ಕಳೆದುಹೋದ ಆ ಜಾಗದಲ್ಲಿದ್ದದ್ದು ಮಿರ್-15 ಮತ್ತು ಮಿರ್-16 ಎಂಬ ಎರಡು ಮೈಕ್ರೋಆರ್‌ಎನ್‌ಎಗಳು. ಕೋಶದ ಬೆಳವಣಿಗೆಯನ್ನು ಹದದಲ್ಲಿಡುತ್ತಿದ್ದ ಕಲ್ಲು ಅಲ್ಲಿ ಇಲ್ಲವಾಗಿತ್ತು. ಆಮೇಲೆ ಬಗೆಬಗೆಯ ಕ್ಯಾನ್ಸರ್‌ಗಳಲ್ಲಿ ಇದೇ ಕಥೆ ಸಿಕ್ಕಿತು. ಕೆಲವು ಕಡೆ ಬೇಕಾದ ಮೈಕ್ರೋಆರ್‌ಎನ್‌ಎ ಇಲ್ಲ, ಕೆಲವು ಕಡೆ ಬೇಡದ್ದು ಉಕ್ಕಿ ಹರಿಯುತ್ತಿದೆ. ಹಾಗಾಗಿ ಚಿಕಿತ್ಸೆಯ ದಾರಿಯೂ ಎರಡು. ಇಲ್ಲದ್ದನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಒಳಗೆ ಕಳಿಸುವುದು ಒಂದು. ಹೆಚ್ಚಾದದ್ದಕ್ಕೆ ಜೋಡಿ ತುಣುಕನ್ನು ಕಳಿಸಿ ಅದನ್ನು ಕಟ್ಟಿಹಾಕುವುದು ಇನ್ನೊಂದು.

ಹುಡುಕುತ್ತಾ ಹೋದಾಗ ನನಗೆ ನಿಜವಾಗಿ ಅಚ್ಚರಿಯಾದದ್ದು ನಮ್ಮ ಬೆಂಗಳೂರಿನ ಪಾತ್ರ. ಚಿಕ್ಕಪ್ಪನ ಕಾಯಿಲೆಯ ಮೇಲೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ನಡೆದಿದೆ. ಅಲ್ಲಿನ ಅರುಣ್ ಕುಮಾರ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಬಾಯಿ ಕ್ಯಾನ್ಸರ್‌ನ ಹಲವು ಗಡ್ಡೆಗಳಲ್ಲಿ ಮಿರ್-155 ಎಂಬುದು ಹೆಚ್ಚಾಗಿ, ಗಡ್ಡೆ ಬೆಳೆಯದಂತೆ ಕಾಯುವ ಸಿಡಿಸಿ73 ಎಂಬ ಪ್ರೋಟೀನನ್ನು ಅದುಮುತ್ತದೆ. ಮಿರ್-155ನ್ನು ಕಟ್ಟಿಹಾಕುವ ತುಣುಕನ್ನು ಕೊಟ್ಟಾಗ ಇಲಿಗಳಲ್ಲಿ ಬೆಳೆಸಿದ್ದ ಮನುಷ್ಯರ ಬಾಯಿ ಕ್ಯಾನ್ಸರ್ ಗಡ್ಡೆ ಕುಗ್ಗಿತು. ಅದೇ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ, ನಿಮ್ಹಾನ್ಸ್‌ನ ವಾಣಿ ಸಂತೋಷ್ ಮತ್ತು ಸಂಗಡಿಗರು ಮಿದುಳಿನ ಗಡ್ಡೆಗಳ ಮೇಲೆ ಕೆಲಸ ಮಾಡಿ, ಎರಡು ದರ್ಜೆಯ ಗಡ್ಡೆಗಳನ್ನು ಬೇರ್ಪಡಿಸಿ ಗುರುತಿಸಬಲ್ಲ 23 ಮೈಕ್ರೋಆರ್‌ಎನ್‌ಎಗಳ ಪಟ್ಟಿಯನ್ನು 2010ರಲ್ಲೇ ಕೊಟ್ಟಿದ್ದರು.

ಈಗ ನಾನಿರುವ ಊರೂ ಹಿಂದೆ ಬಿದ್ದಿಲ್ಲ. ಕೋಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಎಂದರೆ ನಮ್ಮಂಥವರಿಗೆ ಗಣಿತದ ನೆನಪು. ಅಲ್ಲಿನ ಮಾನವ ತಳಿಶಾಸ್ತ್ರ ವಿಭಾಗ ಕೆನ್ನೆ ಮತ್ತು ಒಸಡಿನ ಕ್ಯಾನ್ಸರ್‌ನಲ್ಲಿ ಏರುಪೇರಾಗುವ ಮೈಕ್ರೋಆರ್‌ಎನ್‌ಎಗಳನ್ನು ಹುಡುಕಿ, ಕ್ಯಾನ್ಸರ್‌ಗೆ ಮೊದಲಿನ ಬಿಳಿ ಮಚ್ಚೆಯ ಹಂತದಲ್ಲೇ ಅವು ಕಾಣುತ್ತವೆಯೇ ಎಂದು ನೋಡಿದೆ. ನಮ್ಮ ಸೆಕ್ಟರ್ ಫೈವ್‌ನಲ್ಲೂ ಒಂದು ಆವರಣ ಹೊಂದಿರುವ ಐಐಸಿಬಿ, ಅಂದರೆ ಭಾರತೀಯ ರಾಸಾಯನಿಕ ಜೀವಶಾಸ್ತ್ರ ಸಂಸ್ಥೆಯ ಸುವೇಂದ್ರನಾಥ ಭಟ್ಟಾಚಾರ್ಯ ಅವರ ತಂಡ 2013ರಲ್ಲಿ ತೋರಿಸಿದ್ದು ಇನ್ನೂ ಸ್ವಾರಸ್ಯದ್ದು. ಕಾಲಾ ಆಜಾರ್ ತರುವ ಪರಾವಲಂಬಿ ಜೀವಿಯು ಯಕೃತ್ತಿನ ಮಿರ್-122ನ್ನು ತಗ್ಗಿಸಿಯೇ ಅಲ್ಲಿ ಬೇರೂರುತ್ತದೆ. ಇಲಿಗಳ ಯಕೃತ್ತಿನಲ್ಲಿ ಆ ಮಿರ್-122ನ್ನು ಮರಳಿ ತುಂಬಿದಾಗ ರೋಗಾಣುಗಳ ಹೊರೆ ಇಳಿಯಿತು. 2016ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ನಾನು ದಿನಾ ಮೆಟ್ರೋ ಇಳಿದು ನಡೆಯುವ ಬೀದಿಗಳ ಆಸುಪಾಸಿನಲ್ಲಿ ಇಂಥ ಸಂಸ್ಥೆಗಳಿವೆ ಎನ್ನುವುದು ಚಿಕ್ಕಪ್ಪನ ಫೋನ್ ಬರುವವರೆಗೆ ನನಗೆ ಗೊತ್ತಿರಲಿಲ್ಲ.

ಇಷ್ಟೆಲ್ಲ ಇದ್ದ ಮೇಲೆ ಔಷಧಿ ಎಲ್ಲಿ? ಚಿಕ್ಕಪ್ಪ ಕೇಳಿದ್ದೂ ಅದನ್ನೇ. ಉತ್ತರಕ್ಕೆ ಮೂರು ಪ್ರಯೋಗಗಳ ಕಥೆ ಹೇಳಬೇಕು.

ಮೊದಲನೆಯದು ಎಂಆರ್‌ಎಕ್ಸ್34. ಅಮೆರಿಕದ ಟೆಕ್ಸಸ್‌ನ ಮಿರ್ನಾ ಥೆರಪ್ಯೂಟಿಕ್ಸ್ ಕಂಪನಿ ಮಿರ್-34 ಎಂಬ, ಗಡ್ಡೆಗಳನ್ನು ಹದ್ದುಬಸ್ತಿನಲ್ಲಿಡುವ ಮೈಕ್ರೋಆರ್‌ಎನ್‌ಎಯ ನಕಲನ್ನು ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ತುಂಬಿ 2013ರಲ್ಲಿ ರೋಗಿಗಳಿಗೆ ಕೊಡಲು ಶುರು ಮಾಡಿತು. ಕ್ಯಾನ್ಸರ್‌ಗೆ ಹೀಗೆ ಮೈಕ್ರೋಆರ್‌ಎನ್‌ಎ ಕೊಟ್ಟದ್ದು ಜಗತ್ತಿನಲ್ಲಿ ಅದೇ ಮೊದಲು. ಒಟ್ಟು 85 ರೋಗಿಗಳು. ಬೇರೆ ಚಿಕಿತ್ಸೆಗಳೆಲ್ಲ ಕೈಬಿಟ್ಟವರು. ಅವರಲ್ಲಿ ಮೂವರಿಗೆ ಗಡ್ಡೆ ಸಾಕಷ್ಟು ಕುಗ್ಗಿತು, 16 ಮಂದಿಗೆ ಕೆಲಕಾಲ ಬೆಳೆಯದೆ ನಿಂತಿತು. ಆದರೆ ಕೆಲವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ರೊಚ್ಚಿಗೆದ್ದಿತು. ನಾಲ್ವರು ತೀರಿಕೊಂಡರು. 2016ರ ಸೆಪ್ಟೆಂಬರ್‌ನಲ್ಲಿ ಪ್ರಯೋಗ ನಿಂತಿತು. ಮರುವರ್ಷ ಕಂಪನಿಯೇ ಇನ್ನೊಂದರಲ್ಲಿ ವಿಲೀನವಾಯಿತು.

ಎರಡನೆಯದು ಆಸ್ಟ್ರೇಲಿಯಾದ್ದು. ಕಲ್ನಾರಿನ ದೂಳಿನಿಂದ ಶ್ವಾಸಕೋಶದ ಪೊರೆಗೆ ಬರುವ ಕ್ಯಾನ್ಸರ್‌ಗೆ ಮಿರ್-16ರ ನಕಲನ್ನು ಬ್ಯಾಕ್ಟೀರಿಯಾದಿಂದ ತಯಾರಿಸಿದ ಸೂಕ್ಷ್ಮ ಚೀಲಗಳಲ್ಲಿ ಕೊಟ್ಟರು. 2017ರಲ್ಲಿ ಫಲಿತಾಂಶ ಬಂತು. ಚಿಕಿತ್ಸೆ ಪಡೆದ 26 ಮಂದಿಯಲ್ಲಿ ಒಬ್ಬರಿಗೆ ಗಡ್ಡೆ ಕುಗ್ಗಿತು. ಹೆಚ್ಚಿನವರಲ್ಲಿ ಕಾಯಿಲೆ ಕೆಲಕಾಲ ನಿಂತಲ್ಲೇ ನಿಂತಿತು.

ಮೂರನೆಯದು ನನ್ನನ್ನು ಹೆಚ್ಚು ಕಾಡಿದ್ದು. ಬೆಂಗಳೂರಿನ ತಂಡ ಬಾಯಿ ಕ್ಯಾನ್ಸರ್‌ನಲ್ಲಿ ಕಂಡ ಅದೇ ಮಿರ್-155 ಕೆಲವು ರಕ್ತ ಮತ್ತು ಚರ್ಮದ ಲಿಂಫೋಮಾಗಳಲ್ಲೂ ಹೆಚ್ಚಿರುತ್ತದೆ. ಮಿರಾಜೆನ್ ಎಂಬ ಕಂಪನಿ ಅದನ್ನು ಕಟ್ಟಿಹಾಕುವ ಕೊಬೊಮಾರ್ಸೆನ್ ಎಂಬ ಔಷಧಿಯನ್ನು ಎರಡನೇ ಹಂತದ ಪ್ರಯೋಗದವರೆಗೆ ತಂದಿತ್ತು. 2020ರ ಕೊನೆಗೆ ಅದನ್ನು ನಿಲ್ಲಿಸಿತು. ಸುರಕ್ಷತೆಯ ತೊಂದರೆಯಿಂದಲ್ಲ, ಔಷಧಿ ಕೆಲಸ ಮಾಡುವುದಿಲ್ಲ ಎಂದೂ ಅಲ್ಲ. ವ್ಯವಹಾರದ ಕಾರಣ ಎಂದು ದಾಖಲೆಯಲ್ಲೇ ಬರೆಯಿತು. ಆಮೇಲೆ ಕಂಪನಿ ಹೆಸರು ಬದಲಿಸಿಕೊಂಡು ಕಣ್ಣಿನ ಕಾಯಿಲೆಯೊಂದರ ಔಷಧಿಯ ಕಡೆ ಹೊರಳಿತು. ನಮ್ಮ ಐಟಿ ಕಂಪನಿಗಳಲ್ಲಿ ಅರ್ಧ ಮುಗಿದ ಪ್ರಾಜೆಕ್ಟ್ ಕಪಾಟು ಸೇರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅಲ್ಲಿ ಹೋಗುವುದು ನಮ್ಮ ಶ್ರಮ ಮಾತ್ರ. ಇಲ್ಲಿ ಒಂದು ಪ್ರಶ್ನೆಗೆ ಸಿಗಬೇಕಿದ್ದ ಉತ್ತರವೇ ಹೋಯಿತು.

ತೊಡಕು ಎಲ್ಲಿದೆ ಎಂಬುದು ಈ ಮೂರರಿಂದ ತಿಳಿಯುತ್ತದೆ. ಬರಿಯ ಆರ್‌ಎನ್‌ಎ ತುಣುಕು ರಕ್ತಕ್ಕೆ ಬಿದ್ದ ಕೆಲವೇ ನಿಮಿಷದಲ್ಲಿ ಚೂರಾಗುತ್ತದೆ. ಕೊಬ್ಬಿನ ಗುಳ್ಳೆಯಲ್ಲಿಟ್ಟು ಕಳಿಸಿದರೆ ಹೆಚ್ಚಿನ ಪಾಲು ಯಕೃತ್ತಿಗೆ ಹೋಗಿ ಕೂರುತ್ತದೆ. ಕೆನ್ನೆಯ ಗಡ್ಡೆಗೆ ತಲುಪುವುದು ಅತ್ಯಲ್ಪ. ತಲುಪಿಸಲೆಂದು ಪ್ರಮಾಣ ಏರಿಸಿದರೆ ದೇಹ ಅದನ್ನು ವೈರಸ್ಸೆಂದು ತಿಳಿದು ಯುದ್ಧಕ್ಕೆ ನಿಲ್ಲುತ್ತದೆ. ಇದರ ಮೇಲೆ ಒಂದು ತುಣುಕು ನೂರು ಕಡೆ ಕೈಯಾಡಿಸುವ ಸ್ವಭಾವ ಬೇರೆ.

ಇದೇ ಬಳಗದ ಇನ್ನೊಂದು ಬಗೆಯ ಔಷಧಿಗಳು ಗೆದ್ದದ್ದೂ ಈ ಕಾರಣಕ್ಕೇ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರಾನ್, ಆಮೇಲೆ ಬಂದ ಕೊಲೆಸ್ಟರಾಲ್ ಇಳಿಸುವ ಇಂಕ್ಲಿಸಿರಾನ್ ಇವೂ ಪುಟ್ಟ ಆರ್‌ಎನ್‌ಎ ತುಣುಕುಗಳೇ. ಆದರೆ ಇವು ಒಂದೇ ಓಲೆಯನ್ನು ಗುರಿಯಿಟ್ಟು ಅಳಿಸುತ್ತವೆ, ಅದೂ ಸುಲಭವಾಗಿ ತಲುಪಬಲ್ಲ ಯಕೃತ್ತಿನಲ್ಲಿ. ಕ್ಯಾನ್ಸರ್‌ನ ಮೈಕ್ರೋಆರ್‌ಎನ್‌ಎಗೆ ಈ ಎರಡು ಅನುಕೂಲಗಳೂ ಇಲ್ಲ.

ಹಾಗೆಂದು ಬಾಗಿಲು ಮುಚ್ಚಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಆ್ಯಂಡ್ರಿಯಾ ಕ್ಯಾಸಿನ್ಸ್ಕಿ ತಂಡ ಅದೇ ಮಿರ್-34ನ್ನು ಬೇಗ ಚೂರಾಗದಂತೆ ರಾಸಾಯನಿಕವಾಗಿ ಗಟ್ಟಿಗೊಳಿಸಿ, ಗುಳ್ಳೆಯ ಬದಲು ಫೋಲೇಟ್ ವಿಟಮಿನ್ನಿಗೆ ಪೋಣಿಸಿದೆ. ಕೆಲವು ಗಡ್ಡೆಗಳು ಫೋಲೇಟನ್ನು ಹಸಿದು ಹೀರಿಕೊಳ್ಳುತ್ತವೆ, ಅದರ ಬೆನ್ನೇರಿ ಔಷಧಿ ಒಳಹೋಗುತ್ತದೆ. 2023ರಲ್ಲಿ ಪ್ರಕಟವಾದ ಇಲಿಗಳ ಫಲಿತಾಂಶ ಚೆನ್ನಾಗಿದೆ. ಬಾಸ್ಟನ್ನಿನ ಟ್ರಾನ್ಸ್‌ಕೋಡ್ ಕಂಪನಿ, ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಲು ನೆರವಾಗುವ ಮಿರ್-10ಬಿಯನ್ನು ಕಟ್ಟಿಹಾಕುವ ತುಣುಕನ್ನು ಕಬ್ಬಿಣದ ಆಕ್ಸೈಡ್ ಕಣಗಳಿಗೆ ಅಂಟಿಸಿ 2024ರಲ್ಲಿ ಮನುಷ್ಯರ ಮೇಲೆ ಮೊದಲ ಹಂತದ ಪ್ರಯೋಗ ಶುರು ಮಾಡಿದೆ. ಮೊದಲ ಹಂತ ಎಂದರೆ ಸುರಕ್ಷಿತವೇ, ಎಷ್ಟು ಕೊಡಬಹುದು ಎಂದು ನೋಡುವ ಹಂತ. ವಾಸಿಯಾಗುತ್ತದೆಯೇ ಎಂಬ ಪ್ರಶ್ನೆ ಆಮೇಲಿನದು. ಇವತ್ತಿಗೆ ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಬಾಯಿ ಕ್ಯಾನ್ಸರ್‌ಗೆಂದು ಒಪ್ಪಿಗೆ ಪಡೆದ ಮೈಕ್ರೋಆರ್‌ಎನ್‌ಎ ಔಷಧಿ ಇಲ್ಲ.

ಈ ನಡುವೆ ಇನ್ನೊಂದು ಪ್ರಸಂಗ. ನಾನು ಅಂತರ್ಜಾಲದಲ್ಲಿ ಹುಡುಕಿದ್ದು ಯಾರಿಗೆ ಹೇಗೆ ತಿಳಿಯಿತೋ, ಒಂದು ಕಡೆಯಿಂದ ಫೋನ್ ಬಂತು. ಮನೆಮಂದಿಗೆಲ್ಲ ‘ಮೈಕ್ರೋಆರ್‌ಎನ್‌ಎ ರಕ್ತಪರೀಕ್ಷೆ’ ಮಾಡಿಸಿ, ಯಾವ ಕ್ಯಾನ್ಸರ್ ಇದ್ದರೂ ಹೇಳುತ್ತೇವೆ, ನಾಲ್ವರಿಗೆ ರಿಯಾಯಿತಿ ದರ ಎಂದರು. ಅಮ್ಮ ಅಪ್ಪನ ನೆನಪಾಗಿ ನಾನೂ ಹಣ ಕಟ್ಟುವವನಿದ್ದೆ. ತಡೆದದ್ದು ಪಕ್ಕದ ಮನೆಯ ಸಂಶೋಧಕಿ. ಅವರು ಹೇಳಿದ್ದು ಸರಳ. ರಕ್ತದಲ್ಲಿ ಮೈಕ್ರೋಆರ್‌ಎನ್‌ಎಗಳು ಇರುವುದು ನಿಜ. ಆದರೆ ಮಿರ್-21ರಂಥವು ಬರಿಯ ಉರಿಯೂತಕ್ಕೂ ಏರುತ್ತವೆ. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೆ ಅದರಲ್ಲಿರುವ ಮಿರ್-16, ಮಿರ್-451 ಸುರಿದು ಲೆಕ್ಕವೇ ಹಾಳಾಗುತ್ತದೆ. ಗಂಡಸರ ವೃಷಣದ ಕೆಲವು ಕ್ಯಾನ್ಸರ್‌ಗಳಿಗೆ ಮಿರ್-371 ಒಳ್ಳೆಯ ಸೂಚಕ ಎಂದು ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ‘ಒಂದು ಹನಿ ರಕ್ತ, ಎಲ್ಲ ಕ್ಯಾನ್ಸರ್’ ಎನ್ನುವವರ ಬಳಿ ಅಂಥ ಪುರಾವೆ ಕೇಳಿ ಎಂದರು. ಕೇಳಿದೆ. ಆಮೇಲೆ ಫೋನ್ ಬರಲಿಲ್ಲ. ಬಾಯಿ ಕ್ಯಾನ್ಸರ್‌ಗಂತೂ ಬೇಕಾದದ್ದು ಒಂದು ಟಾರ್ಚು ಮತ್ತು ಬಾಯಿ ಒಳಗೆ ನೋಡುವ ವೈದ್ಯರ ಕಣ್ಣು. ಚಿಕ್ಕಪ್ಪನ ಹುಣ್ಣು ಮೂರು ತಿಂಗಳು ಯಾರ ಕಣ್ಣಿಗೂ ಬೀಳದೆ ಇದ್ದದ್ದು ಯಾರೂ ಬಾಯಿ ತೆರೆಸಿ ನೋಡದ್ದರಿಂದ.

ನಮ್ಮ ದೇಶ ಏನು ಮಾಡಬಹುದು ಎಂಬ ಪ್ರಶ್ನೆಗೆ ಬರುತ್ತೇನೆ. ವಿದೇಶದ ಕಂಪನಿಗೆ ಲಾಭ ಕಾಣದ ಔಷಧಿಯನ್ನು ನಾವು ಕೈಗೆತ್ತಿಕೊಳ್ಳಬಾರದೆಂದೇನಿಲ್ಲ. ಹೊಸ ಮಾದರಿಯ ಚಿಕಿತ್ಸೆ ನಮ್ಮಿಂದಾಗದು ಎಂಬ ಮಾತನ್ನು ಎರಡು ಉದಾಹರಣೆಗಳು ಈಗಾಗಲೇ ಸುಳ್ಳು ಮಾಡಿವೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಸಿಎಆರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ವಿದೇಶದಲ್ಲಿ ಕೋಟಿಗಳಲ್ಲಿ ಮಾತಾಡುವ ಚಿಕಿತ್ಸೆ ಇಲ್ಲಿ ಲಕ್ಷಗಳಿಗೆ ಇಳಿಯಿತು. ಎರಡನೆಯದು ಚಿಕ್ಕಪ್ಪನಂಥವರಿಗೇ ಸಂಬಂಧಿಸಿದ್ದು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಮುಂದುವರಿದ ಹಂತದಲ್ಲಿದ್ದವರಿಗೆ ಟಾಟಾ ಮೆಮೋರಿಯಲ್ ವೈದ್ಯರು ದುಬಾರಿ ಇಮ್ಯುನೋಥೆರಪಿ ಔಷಧಿ ನಿವೊಲುಮ್ಯಾಬ್ ಅನ್ನು ಮಾಮೂಲಿಗಿಂತ ಎಷ್ಟೋ ಪಟ್ಟು ಕಡಿಮೆ, ಮೂರು ವಾರಕ್ಕೆ ಬರೇ 20 ಮಿಲಿಗ್ರಾಂನಂತೆ, ಅಗ್ಗದ ಮಾತ್ರೆಗಳ ಜೊತೆ ಸೇರಿಸಿ ಕೊಟ್ಟು ನೋಡಿದರು. 2022ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ 16.3ರಿಂದ ಶೇ 43.4ಕ್ಕೆ ಏರಿತು. ಇದಕ್ಕೆ ನೊಬೆಲ್ ಬರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವುದೂ ಇಲ್ಲ.

ಮೈಕ್ರೋಆರ್‌ಎನ್‌ಎ ವಿಷಯದಲ್ಲೂ ಹೀಗೇ ಆಗಬೇಕಾದರೆ ಪ್ರಬಂಧ ಪ್ರಕಟವಾದ ಮೇಲೆ ಕೆಲಸ ನಿಲ್ಲಬಾರದು. ಬೆಂಗಳೂರಿನ ಮಿರ್-155 ಫಲಿತಾಂಶ ಬಂದು ಹತ್ತು ವರ್ಷ ದಾಟಿದೆ. ಇಲಿಯಿಂದ ರೋಗಿಯವರೆಗಿನ ಹಾದಿಯಲ್ಲಿ ಶುದ್ಧ ಆರ್‌ಎನ್‌ಎ ತಯಾರಿಕೆ, ವಿಷಗುಣ ಪರೀಕ್ಷೆ, ಮೊದಲ ಹಂತದ ಪ್ರಯೋಗ ಎಲ್ಲಕ್ಕೂ ಹಣ ಬೇಕು, ಹತ್ತು ವರ್ಷ ಕಾಯುವ ತಾಳ್ಮೆ ಬೇಕು. ಬಾಯಿ ಕ್ಯಾನ್ಸರ್ ಅಮೆರಿಕದ ಕಂಪನಿಗಳಿಗೆ ದೊಡ್ಡ ಮಾರುಕಟ್ಟೆಯಲ್ಲ, ಅದು ನಮ್ಮ ಕಾಯಿಲೆ. ನಾವೇ ಹಣ ಹಾಕದಿದ್ದರೆ ಬೇರೆ ಯಾರೂ ಹಾಕುವುದಿಲ್ಲ. 2025ರ ಫೆಬ್ರವರಿಯ ಕೇಂದ್ರ ಬಜೆಟ್‌ನಲ್ಲಿ 36 ಜೀವರಕ್ಷಕ ಔಷಧಿಗಳಿಗೆ ಮೂಲ ಸೀಮಾಸುಂಕ ತೆಗೆದರು. ಮೂರು ವರ್ಷದಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಕ್ಯಾನ್ಸರ್ ಡೇ ಕೇರ್ ಕೇಂದ್ರ, ಅದರಲ್ಲಿ 200 2025-26ರಲ್ಲೇ ಎಂದಿದ್ದರು. ಶಿವಮೊಗ್ಗದಂಥ ಕಡೆ ಅದು ನಿಜವಾಗಿ ತೆರೆದರೆ ಕಿಮೋಗೆಂದು ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವ ಎಷ್ಟೋ ಮಲೆನಾಡಿನ ರೋಗಿಗಳಿಗೆ ಉಪಕಾರ. ಆಮದಿನ ಸುಂಕ ಇಳಿಸುವುದು ಇಂದಿನ ಕೆಲಸ. ನಮ್ಮದೇ ಔಷಧಿ ಮಾಡುವುದು ನಾಳೆಯದು, ಅದರ ಮಾತು ಬಜೆಟ್ಟುಗಳಲ್ಲಿ ಕಡಿಮೆ.

ಇನ್ನು ಹೇಳಲು ಹಿಂಜರಿಯುವ ಮಾತು. ನೊಬೆಲ್ ಘೋಷಣೆಯಾದ ಅದೇ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಒಂದು ಲೆಕ್ಕ ಪ್ರಕಟಿಸಿತು. 2022ರಲ್ಲಿ ಜಗತ್ತಿನಲ್ಲಿ ಕಂಡ ಸುಮಾರು 3.9 ಲಕ್ಷ ಬಾಯಿ ಕ್ಯಾನ್ಸರ್‌ಗಳಲ್ಲಿ 1.2 ಲಕ್ಷಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ. ಅದರಲ್ಲಿ 83,400 ಭಾರತದಲ್ಲೇ. ನೊಬೆಲ್ ಸುದ್ದಿ ನಮ್ಮ ಮನೆಗೆ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಈ ಸುದ್ದಿ ಬರಲಿಲ್ಲ.

ನಮ್ಮದು ಅಡಿಕೆಯ ಮನೆ. ನನ್ನ ಎಂ.ಟೆಕ್ ಫೀಸು ಕಟ್ಟಿದ್ದು ಕೆಂಪಡಿಕೆ ಮಾರಿದ ದುಡ್ಡಿನಲ್ಲಿ. ಧಾರಣೆ ಬಿದ್ದ ವರ್ಷ ಮನೆಯಲ್ಲಿ ಮಾತು ಕಡಿಮೆಯಾಗುತ್ತಿತ್ತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಅಡಿಕೆಗೆ ಕ್ಯಾನ್ಸರ್ ಎಂಬ ಹೆಸರು ಅಂಟಿಸಬೇಡಿ ಎಂಬ ಬೆಳೆಗಾರರ ಸಿಟ್ಟು ನನಗೆ ಅರ್ಥವಾಗುತ್ತದೆ, ಅದರಲ್ಲಿ ನಾನೂ ಪಾಲುದಾರ. ಆದರೆ ತಂಬಾಕು ಇಲ್ಲದ ಎಲೆಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅದೇ ಸಂಸ್ಥೆ 2004ರಲ್ಲೇ ವರದಿ ಕೊಟ್ಟಿದೆ. ಬಾಯಿ ಬಿಗಿದು ತೆರೆಯಲಾಗದ ಸ್ಥಿತಿಗೆ ಅಡಿಕೆ ಅಗಿಯುವುದೇ ಮುಖ್ಯ ಕಾರಣ ಎಂದು ದಂತವೈದ್ಯರೆಲ್ಲ ಹೇಳುತ್ತಾರೆ. ಚಿಕ್ಕಪ್ಪ ಗುಟ್ಕಾ ಮುಟ್ಟಿದವರಲ್ಲ. ದಿನಕ್ಕೆ ಹತ್ತು ಹನ್ನೆರಡು ಕವಳ, ಜೊತೆಗೊಂದು ಎಸಳು ಹೊಗೆಸೊಪ್ಪು, ನಲವತ್ತು ವರ್ಷ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿಯಲ್ಲಿ ಅಕ್ಕಪಕ್ಕ ತೂಗಾಡುತ್ತಿವೆ. ಇಲ್ಲಿ ಕೋಲ್ಕತ್ತಾದಲ್ಲೂ ಅಷ್ಟೇ. ಜನ ಉಗುಳಿದ ಪಾನಿನಿಂದ ಹೌರಾ ಸೇತುವೆಯ ಕಂಬಗಳ ಬುಡ ಸವೆಯುತ್ತಿದೆ ಎಂದು ಫೈಬರ್ ಗ್ಲಾಸ್ ಹೊದಿಕೆ ಹಾಕಬೇಕಾಯಿತು. ಉಕ್ಕಿಗೆ ಹೊದಿಕೆ ಹಾಕಬಹುದು. ಕೆನ್ನೆಗೆ ಏನು ಹಾಕುವುದು?

ಬೆಳೆಗಾರರನ್ನು ಬೀದಿಗೆ ತಳ್ಳದೆ ಅಗಿಯುವವರನ್ನು ಉಳಿಸುವ ದಾರಿ ಹುಡುಕಬೇಕು. ಅಡಿಕೆಗೆ ಬಣ್ಣ, ಚರ್ಮ ಹದ ಮಾಡುವ ಚೊಗರಿನಂಥ ಬೇರೆ ಬಳಕೆಗಳು, ತೋಟದಲ್ಲಿ ಮೆಣಸು, ಜಾಯಿಕಾಯಿ, ಕಾಫಿಯ ಜೊತೆ ಬೆಳೆ ಇವೆಲ್ಲ ಹಳೆಯ ಮಾತುಗಳೇ. ಇವನ್ನು ಗಂಭೀರವಾಗಿ ಮಾಡಲು ಮೊದಲು ‘ತೊಂದರೆಯೇ ಇಲ್ಲ’ ಎನ್ನುವುದನ್ನು ಬಿಡಬೇಕು. 22 ಅಕ್ಷರದ ಮದ್ದಿಗೆ ಇನ್ನೂ ಹತ್ತು ವರ್ಷ ಬೇಕಾದೀತು. ಕವಳದ ತಟ್ಟೆಯನ್ನು ಅಟ್ಟಕ್ಕೆ ಹಾಕಲು ಯಾರ ಒಪ್ಪಿಗೆಯೂ ಬೇಡ.

ಚಿಕ್ಕಪ್ಪನಿಗೆ ನಾನು ಹೇಳಿದ್ದು ಇಷ್ಟು. ‘ಆ ಔಷಧಿ ಇನ್ನೂ ಇಲಿಯ ಹತ್ತಿರ ಇದೆ, ನಿಮ್ಮ ಹತ್ತಿರ ಬಂದಿಲ್ಲ. ಬರುವ ಹೊತ್ತಿಗೆ ಗಡ್ಡೆ ಕಾಯುವುದಿಲ್ಲ. ಇಲ್ಲಿಗೆ ಬರುವುದೂ ಬೇಡ. ಪಶ್ಚಿಮ ಬಂಗಾಳ ಆಯುಷ್ಮಾನ್ ಯೋಜನೆಗೆ ಸೇರಿಲ್ಲ, ನಿಮ್ಮ ಕಾರ್ಡು ಇಲ್ಲಿ ನಡೆಯುವುದಿಲ್ಲ. ಬೆಂಗಳೂರಿನಲ್ಲೇ ಆ ತಾರೀಖಿಗೇ ಮಾಡಿಸಿ.’ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ನೀನು ಬರ್ತೀಯಾ?’ ಎಂದರು. ಹೋದೆ. ಡಿಸೆಂಬರ್ ಕೊನೆಗೆ ಶಸ್ತ್ರಚಿಕಿತ್ಸೆ ಆಯಿತು. ಕುತ್ತಿಗೆಯ ಒಂದು ಗಂಟಿಗೆ ಮಾತ್ರ ಹರಡಿತ್ತು. ಎರಡು ತಿಂಗಳು ಮುಂದೆ ಹಾಕಿದ್ದರೆ ಎಷ್ಟಕ್ಕೆ ಹರಡುತ್ತಿತ್ತೋ ವೈದ್ಯರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ವಿಕಿರಣ ಚಿಕಿತ್ಸೆ ನಡೆಯುತ್ತಿದೆ. ಗಂಜಿ ಬಿಟ್ಟು ಬೇರೇನೂ ಇಳಿಯುವುದಿಲ್ಲ. ಮಾತು ಸ್ವಲ್ಪ ತೊದಲುತ್ತದೆ, ಬೈಗುಳ ಮಾತ್ರ ಸ್ಪಷ್ಟವಾಗಿ ಕೇಳುತ್ತದೆ.

ಊರಿನಿಂದ ಇಂಥ ಫೋನ್ ನಿಮಗೆ ಬಂದಾಗ ಬೈದು ಇಡಬೇಡಿ. ಆ ಸಂದೇಶ ಕಳಿಸುವವರು ದಡ್ಡರಲ್ಲ, ಹೆದರಿದವರು. ಮೂರು ಪ್ರಶ್ನೆ ಕೇಳಿ. ಇದು ಇಲಿಗಳ ಮೇಲೆ ಆದದ್ದೋ, ಮನುಷ್ಯರ ಮೇಲೋ? ಮನುಷ್ಯರಾದರೆ ಎಷ್ಟು ಜನ, ಯಾವ ಕ್ಯಾನ್ಸರ್? ನಮ್ಮ ದೇಶದಲ್ಲಿ ಪ್ರಯೋಗ ನಡೆಯುತ್ತಿದೆ ಎಂದರೆ ಅದರ ನೋಂದಣಿ ಸಂಖ್ಯೆ ಏನು? ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ ಪಟ್ಟಿ ಎಲ್ಲರಿಗೂ ತೆರೆದಿದೆ, ಹತ್ತು ನಿಮಿಷದಲ್ಲಿ ನೋಡಬಹುದು. ಪ್ರಯೋಗದ ಹೆಸರಿನಲ್ಲಿ ಲಕ್ಷಗಟ್ಟಲೆ ಹಣ ಕೇಳಿದರೆ ಅಲ್ಲಿಗೇ ಬಿಡಿ. ಉತ್ತರ ಸಿಗುವವರೆಗೆ ಈಗಿರುವ ಚಿಕಿತ್ಸೆಯ ತಾರೀಖು ತಪ್ಪದಂತೆ ನೋಡಿಕೊಳ್ಳಿ. ನಾವು ದೂರದಲ್ಲಿದ್ದುಕೊಂಡು ಮಾಡಬಹುದಾದದ್ದು ಇಷ್ಟು. ಮತ್ತೆ, ರಜೆ ಹಾಕಿ ಹೋಗುವುದು.